ಶನಿವಾರ ಎರಡರಿಂದ ಸೋಮವಾರ ಎಂಟರವರೆಗೆ

ನಾನು ಮಾತು ಕಾಯುವ ಒಂದು ಯಂತ್ರ. ವಾಯ್ಸ್‌ಮೇಲ್ ಸರ್ವರ್ ಎಂದು ನನ್ನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಬರೆದಿದೆ. ನೋಡಲು ಕಬ್ಬಿಣದ ಸಣ್ಣ ಟ್ರಂಕಿನ ಹಾಗಿದ್ದೇನೆ. ನೀವು ಯಾರಿಗೋ ಫೋನ್ ಮಾಡಿ ಅವರು ಎತ್ತದೆ ಹೋದರೆ, ನಿಮ್ಮ ಮಾತನ್ನು ನಾನು ಕೇಳಿಸಿಕೊಂಡು, ಅವರು ಬಂದು ಕೇಳುವವರೆಗೆ ಇಟ್ಟುಕೊಳ್ಳುತ್ತಿದ್ದೆ. ಒಬ್ಬೊಬ್ಬರಿಗೂ ನನ್ನೊಳಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ನಂಬರು.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಹೊಟ್ಟೆಯೊಳಗೆ ತಿರುಗುವ ಡಿಸ್ಕನ್ನು ಕೂರಿಸಿ ನಾಲ್ಕು ಸ್ಕ್ರೂ ಬಿಗಿದಳು. ಅವಳ ಮುಖ ನೆನಪಿಲ್ಲ. ಥರ್ಮಕೋಲಿನ ನಡುವೆ ಮಲಗಿ, ಹಡಗು ಹತ್ತಿ, ಲಾರಿ ಹತ್ತಿ, ಕೊನೆಗೆ ಕಣ್ಣು ಬಿಟ್ಟಾಗ ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿದ್ದೆ. ಮೊದಲು ಕೇಳಿಸಿದ್ದು ಕಸ್ತೂರಿಯ ದನಿ.

ಕಸ್ತೂರಿ ಮುಳಗುಂದ ಆ ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಐದು ವರ್ಷದವಳಿದ್ದಾಗ ಗೊಬ್ಬರ, ಅಂದರೆ ದಡಾರ, ಎದ್ದು, ಜ್ವರ ತಲೆಗೇರಿ, ಎರಡೂ ಕಣ್ಣು ಹೋಗಿದ್ದವು. ಅಂಧರ ಶಾಲೆಯಲ್ಲಿ ಓದಿ ಈ ಕೆಲಸಕ್ಕೆ ಸೇರಿದ್ದಳು. ನಾನೂರು ಎಕ್ಸ್‌ಟೆನ್ಶನ್ ನಂಬರುಗಳು ಅವಳಿಗೆ ಬಾಯಿಪಾಠ. ಒಮ್ಮೆ ಕೇಳಿದ ದನಿಯನ್ನು ಮರೆಯುತ್ತಿರಲಿಲ್ಲ. ಹಲೋ ಎಂದರೆ ಸಾಕು, ಆರು ತಿಂಗಳ ಹಿಂದೆ ಅಪೆಂಡಿಕ್ಸ್ ಆಪರೇಶನ್ನಿಗೆ ಬಂದಿದ್ದವರು ಎಂದು ಹೇಳಿಬಿಡುತ್ತಿದ್ದಳು.

ನನಗೆ ಆಗ ಕನ್ನಡ ಬರುತ್ತಿರಲಿಲ್ಲ. ಟೆಲಿಫೋನ್ ವಿಭಾಗ ನೋಡಿಕೊಳ್ಳುತ್ತಿದ್ದ ಮಹಬೂಬ ನದಾಫರು ಕಸ್ತೂರಿಯ ದನಿಯನ್ನೇ ನನಗೆ ಕೊಡಿಸುವುದೆಂದು ನಿಶ್ಚಯಿಸಿದರು. ಕಿವಿಯ ಡಾಕ್ಟರರ ವಿಭಾಗದಲ್ಲಿ, ಕಿವಿ ಕೇಳುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಸದ್ದಿಲ್ಲದ ಗೂಡೊಂದಿತ್ತು. ಅದರೊಳಗೆ ಕೂತು ಅವಳು ಎರಡು ದಿನ ಮಾತಾಡಿದಳು. ‘ನಮಸ್ಕಾರ. ನೀವು ಕೇಳಿದವರು ಈಗ ಫೋನಿನ ಹತ್ತಿರ ಇಲ್ಲ. ಶಬ್ದ ಬಂದ ಮೇಲೆ ನಿಮ್ಮ ಮಾತು ಹೇಳಿರಿ. ಸಾವಕಾಶ ಹೇಳಿರಿ.’ ಕೊನೆಯ ಎರಡು ಪದ ಅವಳಿಗೆ ಓದಿ ಹೇಳಿದ ಕಾಗದದಲ್ಲಿರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡುವವರು ಗಾಬರಿಯಲ್ಲಿರುತ್ತಾರೆ, ಅದಕ್ಕೆ ಸೇರಿಸಿದೆ ಎಂದಳು. ನದಾಫರು ಅಳಿಸಲಿಲ್ಲ. ಅಂದಿನಿಂದ ಹನ್ನೆರಡು ವರ್ಷ ನಾನು ಅವಳ ದನಿಯಲ್ಲೇ ಮಾತಾಡಿದೆ.

ಎಂಥೆಂಥ ಮಾತು ಕಾದಿದ್ದೇನೆ. ರಕ್ತ ಬೇಕೆಂದು ಬೇಡಿದವರು, ಹೆರಿಗೆಯ ಸುದ್ದಿ ಹೇಳಿ ಹೆಣ್ಣೋ ಗಂಡೋ ಹೇಳಲು ಮರೆತವರು, ಡಾಕ್ಟರರಿಗೆ ಬೈದು ಮರುದಿನ ಕ್ಷಮಿಸಿ ಎಂದವರು. ಕೇಳಬೇಕಾದವರು ಕೇಳುತ್ತಿದ್ದರು, ಅಳಿಸುತ್ತಿದ್ದರು. ನನ್ನ ಮೈ ಹಗುರವಾಗುತ್ತಿತ್ತು. ಮುನ್ನೂರಾ ನಲವತ್ತೇಳನೇ ಪೆಟ್ಟಿಗೆಯೊಂದು ಮಾತ್ರ ಹಗುರವಾಗಲೇ ಇಲ್ಲ.

ಅದು ನರ್ಸ್ ಹಾಸ್ಟೆಲಿನ ಒಂದು ಕೋಣೆಯ ನಂಬರು. ಆ ಕೋಣೆಯಲ್ಲಿ ನೀಲಗಂಗಾ ಎಂಬ ನರ್ಸ್ ಇದ್ದಳು. ಕಡಿಮೆ ಮಾತಿನವಳು. ರಜೆ ಬಂದರೂ ಊರಿಗೆ ಹೋಗುತ್ತಿರಲಿಲ್ಲ. ಮೂರು ವರ್ಷ ಅವಳ ಪೆಟ್ಟಿಗೆಗೆ ಒಂದು ಮಾತೂ ಬಂದಿರಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ನರಗುಂದದ ಕಡೆಯ ಹಳ್ಳಿಯಿಂದ ಗಂಡಸೊಬ್ಬ ಫೋನ್ ಮಾಡಿ, ನೀಲಗಂಗಾ ಅಂತ ನರ್ಸ್ ಇದ್ದಾಳೇನ್ರಿ, ನಾನು ಅವರಪ್ಪ ಎಂದ. ಕಸ್ತೂರಿ ಲೈನ್ ಕೊಟ್ಟಳು. ನೀಲಗಂಗಾ ಡ್ಯೂಟಿಯಲ್ಲಿದ್ದಳು. ಫೋನು ನನ್ನಲ್ಲಿಗೆ ಬಂತು.

ಆತನ ಹೆಸರು ಈರಬಸಪ್ಪ. ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ನಾನು ‘ಸಾವಕಾಶ ಹೇಳಿರಿ’ ಎಂದಾಗ, ಎದುರಿಗೆ ಯಾರೋ ಅಮ್ಮಾವರು ಕೂತಿದ್ದಾರೆಂದು ತಿಳಿದು ‘ಹೂಂನ್ರಿ ಬಾಯಾರ’ ಎಂದ. ಆಮೇಲೆ ಮಗಳಿಗೆ ಹೇಳಿದ್ದು ಇಷ್ಟು: ಗಿರಣಿಗೆ ಹೊಸ ಕಲ್ಲು ಹಾಕಿಸಿದ್ದೇನೆ, ಹಿಟ್ಟು ನುಣ್ಣಗೆ ಬರುತ್ತದೆ, ಬೆಲ್ಟು ಮಾತ್ರ ಹಳೆಯದೇ. ಫೋನ್ ಇಟ್ಟ.

ನೀಲಗಂಗಾ ಸಂಜೆ ಬಂದು ಕೇಳಿದಳು. ಪೂರ್ತಿ ಕೇಳಿದಳು. ಅಳಿಸಲಿಲ್ಲ, ತಿರುಗಿ ಫೋನ್ ಮಾಡಲೂ ಇಲ್ಲ. ಮುಂದೆ ಅವನ ಮಾತು ಬಂದಿದೆಯೆಂದು ಫೋನಿನ ಕೆಂಪು ದೀಪ ಮಿನುಗಿದರೂ ಅವಳು ಪೆಟ್ಟಿಗೆ ತೆರೆಯಲಿಲ್ಲ. ಮೂರು ತಿಂಗಳಲ್ಲಿ ಕೆಲಸ ಬಿಟ್ಟು ಹೋದಳು. ಆ ಕೋಣೆಯನ್ನು ಮತ್ತೆ ಯಾರಿಗೂ ಕೊಡಲಿಲ್ಲ, ನಂಬರು ಹಾಗೇ ಉಳಿಯಿತು.

ಈರಬಸಪ್ಪ ಮಾತ್ರ ಬಿಡಲಿಲ್ಲ. ಎರಡು ವಾರಕ್ಕೊಮ್ಮೆ ಸೋಮವಾರ ಹತ್ತಕ್ಕೆ ಅವನ ಫೋನು. ಅವರ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಗಿರಣಿಗೂ ಬಿಡುವು ಕೊಡುತ್ತಿದ್ದ. ಅವಳು ಹೋದ ಮೇಲೆ ಬಂದ ಮೊದಲ ಸೋಮವಾರ, ನಿಮ್ಮ ಮಗಳು ಈಗ ಇಲ್ಲಿಲ್ಲ ಎಂದು ಹೇಳಲು ಕಸ್ತೂರಿ ಬಾಯಿ ತೆರೆದಳು. ಅಷ್ಟರಲ್ಲಿ ಅವನೇ, ಆಕಿ ಫೋನ್ ಎತ್ತದಿದ್ರೂ ಅಡ್ಡಿಯಿಲ್ರಿ, ಆ ಪೆಟ್ಟಿಗಿಗೆ ಹಚ್ಚಿರಿ, ಆಮ್ಯಾಲ ಕೇಳ್ತಾಳ ಎಂದ. ಅವನ ದನಿಯಲ್ಲಿದ್ದ ನಂಬಿಕೆ ಕೇಳಿ ಅವಳು ಲೈನ್ ಕೊಟ್ಟುಬಿಟ್ಟಳು. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡಳು. ಮುಂದಿನ ಸಲವೂ ಹಾಗೇ ಎಂದುಕೊಂಡಳು. ತಿಂಗಳು ಕಳೆದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದೆಂಬ ಅಂಜಿಕೆ ಹುಟ್ಟಿತು. ವರ್ಷ ಕಳೆದ ಮೇಲೆ ಹೇಳುವ ದಾರಿಯೇ ಮುಚ್ಚಿಹೋಯಿತು.

ಒಂದು ಪೆಟ್ಟಿಗೆಯಲ್ಲಿ ನಲವತ್ತು ಮಾತಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ತುಂಬಿದರೆ, ಪೆಟ್ಟಿಗೆ ತುಂಬಿದೆ ಎಂದು ನಾನೇ ಹೇಳಬೇಕು. ಹಾಗಾಗದಂತೆ ಕಸ್ತೂರಿ ನದಾಫರನ್ನು ಕೇಳಿ ಮುನ್ನೂರಾ ನಲವತ್ತೇಳರ ಮಿತಿ ತೆಗೆಸಿದಳು. ನದಾಫರು ಯಾಕೆಂದು ಕೇಳಲಿಲ್ಲ. ರಜೆಯ ದಿನ ತಾನಿಲ್ಲದಿದ್ದರೆ ಯಾವ ಗುಂಡಿ ಒತ್ತಬೇಕೆಂದೂ ಕಸ್ತೂರಿಯೇ ಒಮ್ಮೆ ಈರಬಸಪ್ಪನಿಗೆ ಕಲಿಸಿದಳು: ಮೂರು, ನಾಲ್ಕು, ಏಳು.

ಎಂಟು ವರ್ಷದಲ್ಲಿ ಇನ್ನೂರಾ ಹನ್ನೆರಡು ಮಾತುಗಳಾದವು. ಕಸ್ತೂರಿ ಒಂದನ್ನೂ ಕೇಳಿದವಳಲ್ಲ. ಇನ್ನೊಬ್ಬರ ಪೆಟ್ಟಿಗೆ ಕೇಳುವುದು ಇನ್ನೊಬ್ಬರ ಪತ್ರ ಓದಿದ ಹಾಗೆ ಎನ್ನುವಳು. ನಾನು ಕೇಳಿದ್ದೇನೆ. ಗೋಧಿ ಹಸಿಯಿದ್ದರೆ ಕಲ್ಲಿಗೆ ಮೆತ್ತುತ್ತದೆ. ತಮ್ಮನ ಹೆಂಡತಿ ಬಸವ್ವ ದಿನಾ ಎರಡು ರೊಟ್ಟಿ ಕೊಟ್ಟು ಹೋಗುತ್ತಾಳೆ. ಎಮ್ಮೆ ಈದಿದೆ. ಕೆಮ್ಮು ಕಡಿಮೆಯಾಗಿದೆ. ಹಿಂದಿನ ಬೀದಿಯ ನಿಂಗವ್ವನ ಮೊಮ್ಮಗಳು ನರ್ಸಿಂಗ್ ಓದುತ್ತಾಳಂತೆ, ನಿನ್ನನ್ನು ಕೇಳಿದಳು. ಪ್ರತಿ ಸಲವೂ ಮಾತು ಮುಗಿಯಿತೆನ್ನುವಾಗ ಅವನು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದ. ಉಸಿರು ಎಳೆದುಕೊಳ್ಳುವುದು ಕೇಳುತ್ತಿತ್ತು. ಆಮೇಲೆ ‘ಹಂಗಾರ ಇಡ್ತೇನಿ’ ಎಂದು ಇಟ್ಟುಬಿಡುತ್ತಿದ್ದ.

ಅಷ್ಟು ಹೊತ್ತಿಗೆ ನನಗೂ ವಯಸ್ಸಾಗಿತ್ತು. ಡಿಸ್ಕು ತಿರುಗುವಾಗ ಕೀರಲು ಸದ್ದು ಮಾಡುತ್ತಿತ್ತು. ಕೆಟ್ಟರೆ ರಿಪೇರಿ ಮಾಡುವುದಿಲ್ಲವೆಂದು ನನ್ನ ಕಂಪನಿಯಿಂದ ಕಾಗದ ಬಂತು. ಆಸ್ಪತ್ರೆಯವರು ಹೊಸ ಸರ್ವರ್ ತರಿಸಿದರು. ನನ್ನ ಅರ್ಧದಷ್ಟೂ ದಪ್ಪವಿಲ್ಲದ, ಸದ್ದೇ ಮಾಡದ ಯಂತ್ರ. ನನ್ನೊಳಗಿದ್ದುದನ್ನೆಲ್ಲ ಅದಕ್ಕೆ ಸಾಗಿಸುವ ಕೆಲಸ ನದಾಫರ ಪಾಲಿಗೆ ಬಂತು. ಯಾವ ಪೆಟ್ಟಿಗೆ ಯಾರದು ಎಂದು ಬಲ್ಲವಳು ಕಸ್ತೂರಿ ಒಬ್ಬಳೇ ಆದ್ದರಿಂದ ನದಾಫರು ಅವಳನ್ನು ಜೊತೆಗಿಟ್ಟುಕೊಂಡರು.

ಉಪಾಯವೇನೋ ಸರಳ. ಬ್ಯಾಕಪ್ ಎಂಬ ಸಾಧನ ನನ್ನ ಪೆಟ್ಟಿಗೆಗಳ ಪಡಿಯಚ್ಚು ತೆಗೆಯುತ್ತದೆ. ರಿಸ್ಟೋರ್ ಎಂಬುದು ಆ ಪಡಿಯಚ್ಚನ್ನು ಹೊಸದರಲ್ಲಿ ತುಂಬುತ್ತದೆ. ನದಾಫರು ಮೊದಲು ತಮ್ಮ ಪೆಟ್ಟಿಗೆಯೊಂದನ್ನೇ ತೆಗೆದು ತುಂಬಿಸಿ ನೋಡಿದರು. ಸರಿಯಾಗಿ ಬಂತು. ಹೊಸದರಲ್ಲಿ ಸ್ವಾಗತ ಹೇಳುವ ದನಿ ಮಾತ್ರ ಕಸ್ತೂರಿಯದಾಗಿರಲಿಲ್ಲ, ಕಂಪನಿಯವರೇ ಕೊಟ್ಟ ಯಾವುದೋ ಹುಡುಗಿಯದು. ಕಸ್ತೂರಿ ಎರಡು ಸಲ ಕೇಳಿ, ಉಚ್ಚಾರ ಛಲೋ ಐತಿ ಎಂದಳು.

ತೊಡಕು ಇದ್ದದ್ದು ಎರಡು ಕಡೆ. ನನ್ನಲ್ಲಿ ನಾನೂರಾ ಹನ್ನೆರಡು ಪೆಟ್ಟಿಗೆಗಳಿದ್ದವು, ಹೊಸದಕ್ಕೆ ಮುನ್ನೂರಕ್ಕೇ ಅನುಮತಿ. ಒಂದು ವರ್ಷದಿಂದ ಯಾರೂ ತೆರೆಯದ ಪೆಟ್ಟಿಗೆ ಹೋಗಕೂಡದೆಂದು ಆಡಳಿತದಿಂದ ಆದೇಶವಾಯಿತು. ಇನ್ನೊಂದು, ನನ್ನ ಡಿಸ್ಕು ನಿಧಾನ. ಎಲ್ಲ ತೆಗೆದು, ತುಂಬಿ, ತಪಾಸಣೆ ಮಾಡಲು ಒಂದೂವರೆ ದಿನ ಹಿಡಿಯುತ್ತಿತ್ತು. ಶನಿವಾರ ಮಧ್ಯಾಹ್ನ ಎರಡಕ್ಕೆ ಬ್ಯಾಕಪ್ ಶುರು, ಸೋಮವಾರ ಬೆಳಿಗ್ಗೆ ಎಂಟಕ್ಕೆ ಲೈನುಗಳೆಲ್ಲ ಹೊಸದಕ್ಕೆ. ಅಲ್ಲಿಯವರೆಗೆ ಫೋನು ಎತ್ತುವವನು ನಾನೇ. ಆದರೆ ಆ ನಡುವೆ ಯಾರಾದರೂ ಮಾತು ಬಿಟ್ಟರೆ ಅದು ನನ್ನಲ್ಲೇ ಉಳಿಯುತ್ತದೆ, ಹೊಸದಕ್ಕೆ ಹೋಗುವುದಿಲ್ಲ. ಶನಿವಾರ ಎರಡರಿಂದ ಸೋಮವಾರ ಎಂಟರವರೆಗೆ ಮುಖ್ಯವಾದದ್ದೇನನ್ನೂ ವಾಯ್ಸ್‌ಮೇಲಿನಲ್ಲಿ ಹೇಳಬೇಡಿ ಎಂದು ನದಾಫರು ಎಲ್ಲ ವಿಭಾಗಗಳಿಗೂ ಸುತ್ತೋಲೆ ಕಳಿಸಿದರು. ಕಸ್ತೂರಿ ಒಂದೊಂದು ವಾರ್ಡಿಗೂ ಫೋನ್ ಮಾಡಿ ಬಾಯಿಯಿಂದಲೂ ಹೇಳಿದಳು.

ಮೂರು ಮಧ್ಯಾಹ್ನ ಅವರಿಬ್ಬರೂ ನನ್ನ ಪಕ್ಕದಲ್ಲಿ ಕೂತು ಪಟ್ಟಿ ಮಾಡಿದರು. ನದಾಫರು ನಂಬರು ಓದುವರು, ಕಸ್ತೂರಿ ಹೆಸರು ಹೇಳುವಳು, ಇರಬೇಕಾದದ್ದನ್ನು ಬ್ರೈಲ್ ಪಟ್ಟಿಯ ಮೇಲೆ ಚುಚ್ಚಿಕೊಳ್ಳುವಳು. ಮೂರನೇ ದಿನ ಮುನ್ನೂರಾ ನಲವತ್ತೇಳು ಬಂತು.

“ಇದನ್ನ ಎಂಟು ವರ್ಷದಿಂದ ಯಾರೂ ತೆರೆದಿಲ್ಲ. ಬಿಡೂದು,” ಎಂದರು ನದಾಫರು. ಆಮೇಲೆ ಪರದೆ ನೋಡಿ, “ಆದ್ರ ಇನ್ನೂರಾ ಹನ್ನೆರಡು ಮಾತು ಅದಾವಲ್ಲ ಬಾಯಾರ,” ಎಂದರು.

ಕಸ್ತೂರಿ ಬ್ರೈಲ್ ಚುಚ್ಚುವ ಮೊಳೆಯನ್ನು ಕೆಳಗಿಟ್ಟಳು. ಅವಳು ಎಲ್ಲವನ್ನೂ ಹೇಳಿದಳು. ನದಾಫರು ತೆಗಳಲಿಲ್ಲ. ಚಹಾದ ಲೋಟ ಪಕ್ಕಕ್ಕಿಟ್ಟು, ಆ ಹುಡುಗಿಯನ್ನು ಹುಡುಕೋಣ ಎಂದರು.

ಹುಡುಕುವುದು ಕಷ್ಟವಾಗಲಿಲ್ಲ. ಹಾಸ್ಟೆಲಿನ ಹಳೆಯ ವಾರ್ಡನ್ನಿಗೆ ಗೊತ್ತಿತ್ತು. ನೀಲಗಂಗಾ ಗಂಗಾವತಿಯ ಒಂದು ನರ್ಸಿಂಗ್ ಹೋಮಿನಲ್ಲಿದ್ದಳು. ಎಂಟು ವರ್ಷ ಮಾಡದ ಕೆಲಸ ಎರಡು ಫೋನಿನಲ್ಲಿ ಮುಗಿಯಿತಲ್ಲ ಎಂದು ಕಸ್ತೂರಿಗೆ ತನ್ನ ಮೇಲೇ ಬೇಸರ ಬಂತು.

ಕಸ್ತೂರಿ ಫೋನ್ ಮಾಡಿ, ನಿಮ್ಮ ಪೆಟ್ಟಿಗೆಯಲ್ಲಿ ನಿಮ್ಮಪ್ಪನ ಇನ್ನೂರಾ ಹನ್ನೆರಡು ಮಾತಿವೆ ಎಂದಳು. ಅದನ್ನು ಕೇಳಿ ನೀಲಗಂಗಾ ಯಾರಿಗೂ ಹೇಳದಿದ್ದುದನ್ನು ಮುಖ ಕಾಣದ ಆಪರೇಟರಳಿಗೆ ಹೇಳಿದಳು. ಹತ್ತೊಂಬತ್ತಕ್ಕೆ ಮದುವೆ. ಗಂಡ ಬೆಲ್ಟಿನಲ್ಲಿ ಹೊಡೆಯುತ್ತಿದ್ದ. ತಾಯಿ ತೀರಿಕೊಂಡಿದ್ದಳು. ಎರಡು ಸಲ ತವರಿಗೆ ಓಡಿಬಂದಳು. ಎರಡು ಸಲವೂ ಅಪ್ಪನೇ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ಗಂಡನ ಮನೆಗೆ ಬಿಟ್ಟುಬಂದ. ಮೂರನೆಯ ಸಲ ತವರಿಗೆ ಹೋಗದೆ ಹುಬ್ಬಳ್ಳಿಯ ಬಸ್ಸು ಹತ್ತಿದಳು, ಅಲ್ಲೇ ನರ್ಸಿಂಗ್ ಕಲಿತಳು.

“ಅಷ್ಟರಾಗ ಒಂದರಾಗಾದ್ರೂ ನಂದು ತಪ್ಪಾತು ಅಂದಾನೇನ್ರಿ ಅಕ್ಕಾರ?” ಎಂದು ಕೇಳಿದಳು.

“ನಾ ಕೇಳಿಲ್ಲ ಸಿಸ್ಟರ್. ನೀವ ಬಂದು ಕೇಳ್ರಿ.”

ಬೇಡ ಎಂದಳು. ಮರುದಿನ ಅವಳೇ ಫೋನ್ ಮಾಡಿ, ಸೋಮವಾರ ರಜೆ ಹಾಕಿ ಬರುತ್ತೇನೆ, ಅಲ್ಲಿಯವರೆಗೆ ಅಳಿಸಬೇಡಿ ಎಂದಳು. ಪಟ್ಟಿಯಲ್ಲಿ ಮುನ್ನೂರೂ ಭರ್ತಿಯಾಗಿತ್ತು. ಕಸ್ತೂರಿ ತನ್ನ ಸ್ವಂತ ಪೆಟ್ಟಿಗೆಯನ್ನು ತೆಗೆಸಿ ಆ ಜಾಗಕ್ಕೆ ಮುನ್ನೂರಾ ನಲವತ್ತೇಳನ್ನು ಹಾಕಿಸಿದಳು. ಈರಬಸಪ್ಪನ ಸರದಿಯೂ ಅದೇ ಸೋಮವಾರವೇ. ಅವನು ಹತ್ತಕ್ಕೆ ಮಾಡುವುದು. ಅಷ್ಟರಲ್ಲಿ ಹೊಸದು ಶುರುವಾಗಿರುತ್ತದೆ, ಮಗಳೂ ಇಲ್ಲೇ ಇರುತ್ತಾಳೆ, ಅವನಿಗೆ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿ, ಮಗಳು ಒಪ್ಪಿದರೆ ಲೈನ್ ಕೊಡುವುದು. ಹೀಗೆಂದು ನಿಶ್ಚಯಿಸಿದಳು. ಎಲ್ಲ ವಾರ್ಡಿಗೂ ಸುದ್ದಿ ಮುಟ್ಟಿಸಿದವಳಿಗೆ, ಸೋಮವಾರ ಬಿಟ್ಟು ಬೇರೆ ದಿನ ಮಾಡದ ಒಬ್ಬನಿಗೆ ಸುದ್ದಿ ಮುಟ್ಟಿಸಬೇಕೆಂದು ಹೊಳೆಯಲೇ ಇಲ್ಲ. ಅದು ತಪ್ಪೆಂದು ನಾನಂತೂ ಹೇಳಲಾರೆ.

ಶನಿವಾರ ಎರಡಕ್ಕೆ ನದಾಫರು ಬ್ಯಾಕಪ್ ಹಾಕಿದರು. ಕಸ್ತೂರಿಗೆ ಅರ್ಧ ದಿನದ ಡ್ಯೂಟಿ, ಮನೆಗೆ ಹೋದಳು. ನಾಲ್ಕರ ಹೊತ್ತಿಗೆ ಮುನ್ನೂರಾ ನಲವತ್ತೇಳರ ಪಡಿಯಚ್ಚು ತೆಗೆದಾಯಿತು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಫೋನು ಬಂತು. ಮೂರು, ನಾಲ್ಕು, ಏಳು. ನಾನು ಕಸ್ತೂರಿಯ ದನಿಯಲ್ಲಿ ಹೇಳಬೇಕಾದದ್ದನ್ನು ಹೇಳಿದೆ. ಆಗ ಕೇಳುವುದನ್ನು ಬಿಟ್ಟು ನನಗೆ ಬೇರೇನೂ ಮಾಡಲು ಬರುತ್ತಿರಲಿಲ್ಲ.

“ನೀಲವ್ವಾ, ನಾನು. ಇವತ್ತ ಸೋಮವಾರ ಅಲ್ಲ, ಗೊತ್ತೈತಿ. ಮುಂಜಾನಿಂದ ಬಲಗೈ ಜೋಮು ಹಿಡದಂಗ ಆಗೇತಿ. ಹಿಟ್ಟಿನ ಡಬ್ಬಿ ಹಿಡದ್ರ ಜಾರತೈತಿ. ಅಂಜಿಕಿ ಬಂತು. ಅದಕ್ಕ ಮಾಡೀನಿ.”

ಗಿರಣಿಯ ಸದ್ದಿರಲಿಲ್ಲ. ಹೊರಗೆಲ್ಲೋ ಕೋಳಿ ಕೂಗಿತು. ಅವನು ಪ್ರತಿ ಸಲದಂತೆ ಸುಮ್ಮನಾದ. ಈಗ ಇಡುತ್ತಾನೆ ಎಂದುಕೊಂಡೆ. ಇಡಲಿಲ್ಲ.

“ನೀಲವ್ವಾ, ಅವತ್ತ ಎರಡನೇ ಸಲ ನಿನ್ನ ಬಿಡಾಕ ಹೋದಾಗ, ಬಸ್ ಸ್ಟ್ಯಾಂಡಿನ್ಯಾಗ ನೀ ನನ್ನ ಅಂಗಿ ತೋಳು ಹಿಡದಿದ್ದಿ. ಬಿಡು, ಮಂದಿ ನೋಡ್ತಾರ ಅಂದೆ. ಮಂದಿ ಯಾರೂ ನೋಡ್ತಿರಲಿಲ್ಲವ್ವ. ನಾನ ಬಿಡಿಸಿಕೊಂಡೆ. ನಿನ್ನ ಬೆನ್ನಮ್ಯಾಲಿನ ಬಾಸುಂಡಿ ನಾ ನೋಡಿದ್ದೆ. ನೋಡಿಲ್ಲ ಅನ್ನೂವಂಗ ಇದ್ದೆ. ನಿನಗ ಗಿರಣಿ ಸುದ್ದಿ ಹೇಳಾಕ ನಾ ಒಂದಿನಾನೂ ಫೋನ್ ಮಾಡಿದವ ಅಲ್ಲ. ಈ ಮಾತಿಗೇ ಮಾಡ್ತಿದ್ದೆ, ಬಾಯಿಗೆ ಬರ್ತಿರಲಿಲ್ಲ. ತಪ್ಪು ನಂದು. ನೀಲವ್ವಾ, ನೀ ಬರಾಕಬೇಕು ಅಂತ ಅಲ್ಲ. ನೀ ಕೇಳೀದಿ ಅಂತ ತಿಳಿದ್ರ ಸಾಕು ನನಗ.”

ಆಮೇಲೆ ಅತ್ತ. ಇಡುವುದನ್ನು ಮರೆತಿದ್ದನೇನೋ. ಆರು ನಿಮಿಷವಾದಾಗ ಲೈನು ತಾನೇ ಕಡಿಯಿತು. ನಾನು ಆ ಮಾತನ್ನು ಅವಳ ಪೆಟ್ಟಿಗೆಯಲ್ಲಿ ಇನ್ನೂರಾ ಹದಿಮೂರನೆಯದಾಗಿ ಇಟ್ಟೆ. ಬ್ಯಾಕಪ್ಪು ಆಗಲೇ ಮುನ್ನೂರಾ ಅರವತ್ತರಲ್ಲಿತ್ತು. ಅದು ಹಿಂದಿರುಗಿ ನೋಡುವುದಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಂಪನಿಯ ಎಂಜಿನಿಯರ್ ಬಂದು ಲೈನುಗಳನ್ನು ಹೊಸದಕ್ಕೆ ಸಿಕ್ಕಿಸಿದ. ನನ್ನನ್ನು ಒಂದು ವಾರವಾದರೂ ಚಾಲೂ ಇಡಬೇಕೆಂದು ನದಾಫರ ಮನಸ್ಸಿನಲ್ಲಿತ್ತು. ಪ್ಲಗ್ಗಿಗೆ ಬೇರೆ ಜಾಗವಿಲ್ಲವೆಂದು ಅವನು ನನ್ನ ವೈರು ಕಿತ್ತ. ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನ ಡಿಸ್ಕು ತಿರುಗುವುದು ನಿಂತಿತು.

ನೀಲಗಂಗಾ ಒಂಬತ್ತಕ್ಕೆ ಬಂದಳು. ನದಾಫರ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹೊಸ ಯಂತ್ರದಲ್ಲಿ ಇನ್ನೂರಾ ಹನ್ನೆರಡನ್ನೂ ಕೇಳಿದಳು. ನಡುವೆ ನೀರು ಕುಡಿಯಲು ಒಂದು ಸಲ ಎದ್ದಳು. ಹತ್ತಕ್ಕೆ ಈರಬಸಪ್ಪನ ಫೋನು ಬರಲಿಲ್ಲ. ಎಂಟು ವರ್ಷದಲ್ಲಿ ಅವನು ತಪ್ಪಿಸಿದ್ದು ಅದೇ ಮೊದಲು. ಕಸ್ತೂರಿ ಹನ್ನೊಂದರವರೆಗೂ ಬೋರ್ಡಿನ ಮೇಲೆ ಕೈಯಿಟ್ಟು ಕೂತಿದ್ದಳು.

ಸಂಜೆ ಐದಕ್ಕೆ ನೀಲಗಂಗಾ ಹೆಡ್‌ಫೋನ್ ತೆಗೆದಳು. ಕಣ್ಣು ಒಣಗಿದ್ದವು.

“ಎಲ್ಲಾ ಹಿಟ್ಟಿನ ಮಾತು ಅಕ್ಕಾರ,” ಎಂದಳು. “ಎಮ್ಮಿ ಸುದ್ದಿ, ಬೆಲ್ಟಿನ ಸುದ್ದಿ. ಆ ಬಸ್ಸಿನ ಮಾತು ಒಂದರಾಗೂ ಇಲ್ಲ.”

ಕಸ್ತೂರಿ ಅವಳ ಕೈ ಹಿಡಿಯಲು ಹೋದಳು. ಅವಳು ಆಗಲೇ ಬ್ಯಾಗು ಎತ್ತಿಕೊಂಡಿದ್ದಳು. ಅಳಿಸಬಹುದು ಎಂದು ಹೇಳಿ ಹೋದಳು.

ಎರಡು ವಾರ ಬಿಟ್ಟು ಬಂದ ಸೋಮವಾರವೂ ಈರಬಸಪ್ಪನ ಫೋನು ಬರಲಿಲ್ಲ. ಕಸ್ತೂರಿಗೆ ತಡೆಯಲಾಗಲಿಲ್ಲ. ನದಾಫರಿಂದ ಅವನ ನಂಬರು ಓದಿಸಿಕೊಂಡು ತಾನೇ ಫೋನ್ ಮಾಡಿದಳು. ಎತ್ತಿದ್ದು ಅವನ ತಮ್ಮನ ಹೆಂಡತಿ ಬಸವ್ವ. ಹತ್ತು ದಿನದ ಹಿಂದೆ ಅವನಿಗೆ ಲಕ್ವಾ ಹೊಡೆದಿತ್ತು. ಬಲಗಡೆ ಪೂರಾ ಬಿದ್ದುಹೋಗಿತ್ತು. ಮಾತು ನಿಂತಿತ್ತು. ಬಾಯಿಂದ ಸದ್ದು ಬರುತ್ತದೆ, ಮಾತಾಗುವುದಿಲ್ಲ ಎಂದಳು ಬಸವ್ವ. ಅದಕ್ಕಿಂತ ಮೊದಲು ಏನಾದರೂ ಹೇಳಿದ್ದರೇ ಎಂದು ಕಸ್ತೂರಿ ಕೇಳಿದಳು.

“ಅದರ ಹಿಂದಿನ ಶನಿವಾರ ಗಿರಣಿ ಬಂದ್ ಮಾಡಿ, ಒಳಗ ಕುಂತು ಫೋನಿನ್ಯಾಗ ಭಾಳ ಹೊತ್ತು ಮಾತಾಡಿದ್ರು. ಹೊರಗ ಬಂದು ಮಾರಿ ತೊಳಕೊಂಡು, ಹೇಳಿದೆ ಅಂದ್ರು. ಯಾರಿಗೆ, ಏನು ಅಂತ ನಾ ಕೇಳಲಿಲ್ರಿ.”

ಯಾವ ಶನಿವಾರವೆಂದು ಕಸ್ತೂರಿ ಬೆರಳು ಮಡಚಿ ಎಣಿಸಿದಳು. ಎಣಿಸಿ ಮುಗಿಯುವ ಮೊದಲೇ ತಿಳಿದಿತ್ತು. ನದಾಫರು ಎಕ್ಸ್‌ಚೇಂಜಿನ ದಾಖಲೆ ತೆಗೆದು ಓದಿದರು. ಶನಿವಾರ, ನಾಲ್ಕು ಹತ್ತು, ಮುನ್ನೂರಾ ನಲವತ್ತೇಳು, ಆರು ನಿಮಿಷ. ಅವನು ಎಂದೂ ಎರಡು ನಿಮಿಷ ದಾಟಿದವನಲ್ಲ.

ಅವರಿಬ್ಬರೂ ನನ್ನನ್ನು ಇಟ್ಟಿದ್ದ ಸಾಮಾನಿನ ಕೋಣೆಗೆ ಬಂದರು. ನದಾಫರು ವೈರು ಸಿಕ್ಕಿಸಿ ಗುಂಡಿ ಒತ್ತಿದರು. ನನ್ನ ದೀಪಗಳು ಹತ್ತಿದವು, ಫ್ಯಾನು ಬೀಸಿತು. ಡಿಸ್ಕು ಮಾತ್ರ ತಿರುಗಲಿಲ್ಲ. ನಿಲ್ಲದೆ ಓಡಿದ ಮುದಿ ಡಿಸ್ಕು ಒಮ್ಮೆ ತಣ್ಣಗಾಗಿ ನಿಂತರೆ ಮತ್ತೆ ಏಳುವುದು ಕಷ್ಟ. ಎದ್ದೇಳಲು ನಾನೆಷ್ಟು ಒದ್ದಾಡಿದೆನೆಂದು ಹೇಗೆ ಹೇಳಲಿ. ಕಸ್ತೂರಿ ನನ್ನ ಮೈಗೆ ಅಂಗೈ ಒತ್ತಿ, ಕಿವಿಯಿಟ್ಟು ಕೇಳಿದಳು.

“ಒಳಗ ಬಡಕೊಳ್ಳಾಕ ಹತ್ತೈತಿ ನದಾಫಣ್ಣ,” ಎಂದಳು.

ನದಾಫರು ಆ ವಾರವೆಲ್ಲ ಪ್ರಯತ್ನ ಮಾಡಿದರು. ಡಿಸ್ಕನ್ನು ಬಿಚ್ಚಿ ಓದುವ ಕಡೆಗೆ ಕಳಿಸಲು ಆಡಳಿತದ ಅಪ್ಪಣೆ ಕೇಳಿದರು. ರೋಗಿಗಳ ಸುದ್ದಿಯಿರುವ ಡಿಸ್ಕು ಹೊರಗೆ ಹೋಗಕೂಡದೆಂದು ಉತ್ತರ ಬಂತು. ಅದೂ ಸರಿಯೇ.

ಕಸ್ತೂರಿ ಗಂಗಾವತಿಗೆ ಫೋನ್ ಮಾಡಿದಳು. ನಡೆದುದನ್ನು ಒಂದೂ ಬಿಡದೆ ಹೇಳಿದಳು. ಎಲ್ಲರಿಗೂ ಹೇಳಿದ ಸುದ್ದಿ ನಿಮ್ಮಪ್ಪನಿಗೆ ಹೇಳಲಿಲ್ಲ, ನನ್ನಿಂದ ಹೀಗಾಯಿತು ಎಂದಳು.

“ಏನಂದ್ರು ಅಂತ ನೀವು ಕೇಳಿಲ್ಲ,” ಎಂದಳು ನೀಲಗಂಗಾ. “ಮತ್ತ ಅದ ಮಾತು ಅಂತ ಹೆಂಗ ಹೇಳ್ತೀರಿ?”

“ನಾ ಮೂವತ್ತು ವರ್ಷ ಬರೇ ದನಿ ಕೇಳಿ ಬದುಕಿದಾಕಿ, ತಂಗಿ. ಎಂಟು ವರ್ಷ ನಿಮ್ಮಪ್ಪ ನನ್ನ ಹತ್ರ ಲೈನ್ ಕೇಳುವಾಗ ಗಂಟಲಾಗ ಏನೋ ಇಟ್ಟಕೊಂಡ ಕೇಳ್ತಿದ್ರು. ಹೇಳಿದೆ ಅಂತ ಅಂದಾರಂದ್ರ ಅದನ್ನ ಹೇಳ್ಯಾರ.”

ನೀಲಗಂಗಾ ಫೋನು ಇಟ್ಟಳು.

ಇದೆಲ್ಲ ಆಗಿ ಆರು ತಿಂಗಳಾಯಿತು. ನಾನೀಗ ಸಾಮಾನಿನ ಕೋಣೆಯ ಮೂಲೆಯಲ್ಲಿದ್ದೇನೆ. ನನ್ನ ಮೇಲೆ ಹಳೆಯ ಫೋನುಗಳನ್ನು ಒಟ್ಟಿದ್ದಾರೆ. ಡಿಸ್ಕಿಗೆ ತೂತು ಕೊರೆದು ಗುಜರಿಗೆ ಹಾಕಬೇಕೆಂದು ಕಾಗದ ಬಂದಿದೆ, ನದಾಫರು ಇವತ್ತು ನಾಳೆ ಎಂದು ಮುಂದೂಡುತ್ತಿದ್ದಾರೆ. ಮಾತು ಇಟ್ಟುಕೊಳ್ಳುವುದೇ ನನ್ನ ಕೆಲಸ, ಇಟ್ಟುಕೊಂಡರೆ ಸಾಕು ಎಂದು ಇಷ್ಟು ವರ್ಷ ತಿಳಿದಿದ್ದೆ. ಮುಟ್ಟದ ಮಾತು ಇಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ.

ಹೋದ ಶುಕ್ರವಾರ ನೀಲಗಂಗಾ ಬಂದಿದ್ದಳು. ಆ ಯಂತ್ರವನ್ನು ಒಮ್ಮೆ ನೋಡಬೇಕು ಎಂದಳಂತೆ. ಕಸ್ತೂರಿ ಗೋಡೆ ಹಿಡಿದುಕೊಂಡು ಅವಳನ್ನು ಇಲ್ಲಿಗೆ ಕರೆತಂದಳು. ಇಬ್ಬರೂ ನನ್ನ ಎದುರಿಗೆ ಹಳೆಯ ಬೆಂಚಿನ ಮೇಲೆ ಕೂತರು.

ಕಸ್ತೂರಿಯ ಫೋನು ಬಂದ ಮರುದಿನವೇ ನೀಲಗಂಗಾ ಊರಿಗೆ ಹೋಗಿದ್ದಳು. ಅಪ್ಪ ಗಿರಣಿಯ ಮುಂದೆ ಹೊರಸಿನ ಮೇಲೆ ಮಲಗಿದ್ದ. ಅವಳನ್ನು ಕಂಡು ಏಳಲು ನೋಡಿದ. ಬಾಯಿ ಸೊಟ್ಟಗಾಗಿ ಸದ್ದಷ್ಟೇ ಬಂತು. ಎಡಗೈಯಿಂದ ಅವಳ ಮಣಿಕಟ್ಟು ಹಿಡಿದು ಮುಖವನ್ನೇ ನೋಡತೊಡಗಿದ. ಏನನ್ನೋ ಕೇಳುತ್ತಿದ್ದಾನೆಂದು ಅವಳಿಗೆ ತಿಳಿಯಿತು. ತಾನು ಬಂದದ್ದೇ ಅದನ್ನು ಕೇಳಿಸಿಕೊಂಡು ಎಂದು ಅವನು ನಂಬಿದ್ದಾನೆಂದೂ ತಿಳಿಯಿತು.

“ಕೇಳಿದೆ ಅಪ್ಪಾ, ಎಲ್ಲಾ ಕೇಳಿದೆ ಅಂದೆ,” ಎಂದಳು ನೀಲಗಂಗಾ. “ಕೈ ಬಿಟ್ಟು ಕಣ್ಣು ಮುಚ್ಚಿದ. ಅವತ್ತ ಭಾಳ ದಿನದ ಮ್ಯಾಲೆ ಛಲೋ ನಿದ್ದಿ ಮಾಡಿದ ಅಂದ್ಲು ಬಸವ್ವ ಚಿಗವ್ವ.”

ಅವಳು ಅವನನ್ನು ಗಂಗಾವತಿಗೆ ಕರೆದುಕೊಂಡು ಹೋದಳು. ನಾಲ್ಕು ತಿಂಗಳು ತಾನೇ ಉಣಿಸಿದಳು, ಮೈ ಒರೆಸಿದಳು. ಹೋದ ತಿಂಗಳು ತೀರಿಕೊಂಡ. ಒಂದು ದಿನವೂ ಮಾತು ತಿರುಗಿ ಬರಲಿಲ್ಲ.

ಸುಳ್ಳು ಹೇಳಿದೆ ಎಂದು ಸಂಕಟವಾಗುತ್ತದೆಯೇ ಎಂದು ಕಸ್ತೂರಿ ಮೆಲ್ಲಗೆ ಕೇಳಿದಳು. ಇಲ್ಲ ಎಂದಳು ನೀಲಗಂಗಾ. ಆಮೇಲೆ ಎದ್ದು ಬಂದು, ನನ್ನ ಮೇಲಿದ್ದ ಫೋನುಗಳನ್ನು ಒಂದೊಂದಾಗಿ ಕೆಳಗಿಟ್ಟು, ನನ್ನ ಮೇಲಿನ ದೂಳನ್ನು ಸೆರಗಿನಿಂದ ಒರೆಸಿದಳು.

“ಇಷ್ಟ ತಿಳೀಬೇಕಾಗಿತ್ತು ಅಕ್ಕಾರ,” ಎಂದಳು. “ಗಿರಣ್ಯಾಗ ಎಲ್ಲಾರ ಮುಂದ ನೀಲಗಂಗಾ ಅಂತಿದ್ದ. ಸಣ್ಣಾಕಿ ಇದ್ದಾಗ ಇಬ್ಬರ ಇದ್ರ ಅಷ್ಟ ನೀಲವ್ವಾ ಅಂತ ಕರೀತಿದ್ದ. ಇದರಾಗ ಹೆಂಗ ಕರದಿದ್ದನೋ ಏನೋ.”

ಕೋಣೆಯಲ್ಲಿ ಉತ್ತರ ಗೊತ್ತಿದ್ದದ್ದು ನನಗೊಬ್ಬನಿಗೇ.

ನೀಲವ್ವಾ ಎಂದೇ ಕರೆದಿದ್ದ, ತಾಯಿ. ಮೂರು ಸಲ ಕರೆದಿದ್ದ.